ಮತ್ಸ್ಯಾಲಯ ಸಂವೇದಕಗಳ ನಿರ್ವಹಣೆ ಮತ್ತು ಮಾಪನಾಂಕ ನಿರ್ಣಯ

ಮತ್ಸ್ಯಾಲಯ ಸಂವೇದಕಗಳು ಅಥವಾ ಪ್ರೋಬ್‌ಗಳು ಅಕ್ವೇರಿಯಂ ನೀರಿನ ಗುಣಲಕ್ಷಣಗಳನ್ನು ನಿರಂತರವಾಗಿ ಅಳೆಯಲು ಬಳಸುವ ಉಪಕರಣಗಳು. ನೀರಿನ ಆಮ್ಲೀಯತೆ (ಪಿಎಚ್), ಉಷ್ಣತೆ, ವಿದ್ಯುದ್ವಾಹಕತೆ, ಲವಣಾಂಶ, ಕರಗಿದ ಆಮ್ಲಜನಕ ಮತ್ತು ಉತ್ಕರ್ಷಣ-ಅಪಕರ್ಷಣ ವಿಭವ ಇವುಗಳಿಂದ ಸಾಮಾನ್ಯವಾಗಿ ಅಳೆಯಲ್ಪಡುವ ಅಂಶಗಳು. ಬೆಲೆ ಎಷ್ಟೇ ಹೆಚ್ಚಾಗಿರಲಿ, ಯಾವ ಸಂವೇದಕವೂ ಕಾಲಕ್ರಮದಲ್ಲಿ ತನ್ನ ನಿಖರತೆಯನ್ನು ಹಾಗೆಯೇ ಉಳಿಸಿಕೊಳ್ಳುವುದಿಲ್ಲ. ಪಾಚಿ, ಸುಣ್ಣದ ಪದರ ಮತ್ತು ಜೈವಿಕ ಲೋಳೆ ಅದರ ಮೇಲೆ ಬೆಳೆಯುತ್ತವೆ. ಒಳಗಿನ ದ್ರಾವಣ ತೆಳುವಾಗುತ್ತದೆ, ಗಾಜು ಹಳೆಯದಾಗುತ್ತದೆ. ಆದುದರಿಂದ ಸಂವೇದಕವನ್ನು ಸ್ವಚ್ಛಗೊಳಿಸುವುದು, ಸರಿಯಾಗಿ ಸಂಗ್ರಹಿಸಿಡುವುದು ಮತ್ತು ಮೌಲ್ಯ ತಿಳಿದಿರುವ ದ್ರಾವಣದೊಂದಿಗೆ ಆಗಾಗ ಹೋಲಿಸಿ ಸರಿಪಡಿಸುವುದು ಅವಶ್ಯಕ. ಈ ಹೋಲಿಕೆಯ ಕ್ರಮವನ್ನು ಮಾಪನಾಂಕ ನಿರ್ಣಯ ಎನ್ನುತ್ತಾರೆ. ಬಳಕೆದಾರರಲ್ಲಿ ಕ್ಯಾಲಿಬ್ರೇಷನ್ ಎಂಬ ಪದವೇ ಹೆಚ್ಚು ರೂಢಿಯಲ್ಲಿದೆ.

ಹಿನ್ನೆಲೆ

ಸಾರ್ವಜನಿಕ ಮತ್ಸ್ಯಾಲಯಗಳ ಇತಿಹಾಸ 1853ರಲ್ಲಿ ಲಂಡನ್ ಮೃಗಾಲಯದಲ್ಲಿ ತೆರೆದ ಮೀನುಮನೆಯಿಂದ ಆರಂಭವಾಗುತ್ತದೆ. ಆ ಕಾಲದ ಪಾಲಕರಿಗೆ ನೀರಿನ ಬಣ್ಣ, ವಾಸನೆ ಮತ್ತು ಮೀನಿನ ವರ್ತನೆಯೇ ಮುಖ್ಯ ಸೂಚಕಗಳಾಗಿದ್ದವು. ನೀರಿನ ರಸಾಯನವನ್ನು ವಿದ್ಯುತ್ತಿನ ಮೂಲಕ ಅಳೆಯುವ ವಿದ್ಯೆ 20ನೆಯ ಶತಮಾನದಲ್ಲಿ ಬೆಳೆಯಿತು. 1909ರಲ್ಲಿ ಡೆನ್ಮಾರ್ಕಿನ ರಸಾಯನವಿಜ್ಞಾನಿ ಸೋರೆನ್ ಸೋರೆನ್‌ಸನ್ ಕೋಪನ್‌ಹೇಗನ್ನಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿದ್ದಾಗ ಪಿಎಚ್ ಮಾನವನ್ನು ಪರಿಚಯಿಸಿದರು. ಗಾಜಿನ ತೆಳುಪೊರೆ ಆಮ್ಲೀಯತೆಗೆ ಸ್ಪಂದಿಸುತ್ತದೆ ಎಂಬುದನ್ನು ಮ್ಯಾಕ್ಸ್ ಕ್ರೆಮರ್ 1906ರಲ್ಲಿ ಗಮನಿಸಿದ್ದರು. 1909ರಲ್ಲಿ ಫ್ರಿಟ್ಜ್ ಹೇಬರ್ ಮತ್ತು ಜಿಗ್ಮಂಟ್ ಕ್ಲೆಮೆನ್ಸಿಯೆವಿಚ್ ಈ ಗಾಜಿನ ವಿದ್ಯುದಗ್ರವನ್ನು ವ್ಯವಸ್ಥಿತವಾಗಿ ಅಧ್ಯಯನ ಮಾಡಿದರು. 1934ರಲ್ಲಿ ಅಮೆರಿಕದ ಆರ್ನಾಲ್ಡ್ ಬೆಕ್ಮನ್ ನಿಂಬೆರಸದ ಆಮ್ಲೀಯತೆಯನ್ನು ಅಳೆಯಲೆಂದು ರೂಪಿಸಿದ ಉಪಕರಣದಿಂದ ಪಿಎಚ್ ಮೀಟರ್ ಬಳಕೆಗೆ ಸುಲಭವಾಯಿತು. ಕರಗಿದ ಆಮ್ಲಜನಕವನ್ನು ಅಳೆಯುವ ಪೊರೆಯುಳ್ಳ ವಿದ್ಯುದಗ್ರವನ್ನು ಲೇಲಂಡ್ ಕ್ಲಾರ್ಕ್ 1950ರ ದಶಕದಲ್ಲಿ ರೂಪಿಸಿದರು. ಇಂದು ಮನೆಯ ಮತ್ಸ್ಯಾಲಯಗಳಲ್ಲಿ ಕಾಣುವ ಸಂವೇದಕಗಳು ಇದೇ ತತ್ತ್ವಗಳ ಮೇಲೆ ಕೆಲಸ ಮಾಡುತ್ತವೆ.

ಅಗತ್ಯ

ಪಿಎಚ್ ಮಾನವು ಲಘುಗಣಕೀಯವಾದುದು. ಒಂದು ಅಂಕ ಕಡಿಮೆಯಾದರೆ ಹೈಡ್ರೋಜನ್ ಅಯಾನುಗಳ ಸಾಂದ್ರತೆ ಹತ್ತು ಪಟ್ಟು ಹೆಚ್ಚುತ್ತದೆ. ಹೀಗಾಗಿ ಸಣ್ಣದಾಗಿ ಕಾಣುವ ದೋಷವೂ ಮೀನುಗಳ ಪಾಲಿಗೆ ಸಣ್ಣದಲ್ಲ. ಅಮೋನಿಯ ಇದಕ್ಕೆ ಉತ್ತಮ ಉದಾಹರಣೆ. ನೀರಿನಲ್ಲಿ ಅಮೋನಿಯವು ಎರಡು ರೂಪಗಳಲ್ಲಿರುತ್ತದೆ. ಅವುಗಳಲ್ಲಿ ಅಯಾನೀಕರಣಗೊಳ್ಳದ ರೂಪವೇ ಕಿವಿರುಗಳಿಗೆ ಹೆಚ್ಚು ವಿಷಕಾರಿ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಸಿಹಿನೀರಿನಲ್ಲಿ ಪಿಎಚ್ 7.0 ಇದ್ದರೆ ಒಟ್ಟು ಅಮೋನಿಯದ ಸುಮಾರು ಶೇಕಡ 0.6ರಷ್ಟು ಮಾತ್ರ ಈ ರೂಪದಲ್ಲಿರುತ್ತದೆ. ಪಿಎಚ್ 8.0ರಲ್ಲಿ ಅದು ಸುಮಾರು ಶೇಕಡ 5ಕ್ಕೂ, 8.5ರಲ್ಲಿ ಸುಮಾರು ಶೇಕಡ 15ಕ್ಕೂ ಏರುತ್ತದೆ. ಸಂವೇದಕವು ಅರ್ಧ ಅಂಕ ಕಡಿಮೆ ತೋರಿಸಿ, ನಿಜವಾದ 8.5ನ್ನು 8.0 ಎಂದು ಹೇಳಿದರೆ, ಪಾಲಕನು ತಾನು ಅಂದಾಜಿಸಿದ್ದಕ್ಕಿಂತ ಸುಮಾರು ಮೂರು ಪಟ್ಟು ಹೆಚ್ಚು ವಿಷದ ನಡುವೆ ಮೀನುಗಳನ್ನು ಇಟ್ಟಂತಾಗುತ್ತದೆ.

ಜಲಸಸ್ಯಗಳಿರುವ ತೊಟ್ಟಿಯಲ್ಲಿಯೂ ಇದೇ ಸ್ಥಿತಿ. ಇಂಗಾಲದ ಡೈಆಕ್ಸೈಡ್ ಪ್ರಮಾಣವನ್ನು ಅಲ್ಲಿ ಪಿಎಚ್ ಮತ್ತು ಕಾರ್ಬೊನೇಟ್ ಗಡಸುತನಗಳಿಂದ ಅಂದಾಜು ಮಾಡುವುದು ರೂಢಿ. ಈ ಲೆಕ್ಕದಲ್ಲಿ ಪಿಎಚ್ 0.3ರಷ್ಟು ತಪ್ಪಿದರೆ ಅನಿಲದ ಅಂದಾಜು ದುಪ್ಪಟ್ಟಾಗುತ್ತದೆ ಇಲ್ಲವೇ ಅರ್ಧವಾಗುತ್ತದೆ.

ಪಿಎಚ್ ಸಂವೇದಕ

ರಚನೆ

ಪಿಎಚ್ ಸಂವೇದಕದ ತುದಿಯಲ್ಲಿ ತೆಳುವಾದ ಗಾಜಿನ ಬುಗ್ಗೆ ಇರುತ್ತದೆ. ಅದರ ಒಳಭಾಗದಲ್ಲಿ ಪಿಎಚ್ ಸ್ಥಿರವಾಗಿರುವ ದ್ರಾವಣವಿದ್ದು, ಹೊರಗಿನ ನೀರಿನ ಪಿಎಚ್ ಬದಲಾದಂತೆ ಗಾಜಿನ ಎರಡೂ ಬದಿಗಳ ನಡುವೆ ವಿದ್ಯುದ್ವಿಭವ ಬದಲಾಗುತ್ತದೆ. ಇದನ್ನು ಅಳೆಯಲು ಬೆಳ್ಳಿ ಮತ್ತು ಬೆಳ್ಳಿಯ ಕ್ಲೋರೈಡಿನಿಂದಾದ ಆಕರ ವಿದ್ಯುದಗ್ರ ಬೇಕಾಗುತ್ತದೆ. ಇದು ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿದ್ದು, ಸೂಕ್ಷ್ಮ ರಂಧ್ರಗಳುಳ್ಳ ಸಂಧಿಯ ಮೂಲಕ ಹೊರಗಿನ ನೀರಿನೊಂದಿಗೆ ಸಂಪರ್ಕ ಹೊಂದಿರುತ್ತದೆ. ಮತ್ಸ್ಯಾಲಯಗಳಲ್ಲಿ ಬಳಸುವ ಸಂವೇದಕಗಳಲ್ಲಿ ಇವೆರಡೂ ಒಂದೇ ಕೊಳವೆಯಲ್ಲಿ ಅಡಕವಾಗಿರುತ್ತವೆ. ಗಾಜು ಕೊಳಕಾದಂತೆಯೇ ಸಂಧಿ ಕಟ್ಟಿಕೊಂಡರೂ ಅಳತೆ ಕೆಡುತ್ತದೆ.

ತಾತ್ತ್ವಿಕವಾಗಿ, 25 ಡಿಗ್ರಿಯಲ್ಲಿ ಪಿಎಚ್‌ನ ಪ್ರತಿ ಒಂದು ಅಂಕಕ್ಕೆ 59.16 ಮಿಲಿವೋಲ್ಟ್ ವ್ಯತ್ಯಾಸ ಬರಬೇಕು. 20 ಡಿಗ್ರಿಯಲ್ಲಿ ಈ ಮೌಲ್ಯ 58.17, 30 ಡಿಗ್ರಿಯಲ್ಲಿ 60.15. ಇದನ್ನು ಸಂವೇದಕದ ಇಳಿಜಾರು ಎಂದು ಕರೆಯುತ್ತಾರೆ. ಪಿಎಚ್ 7ರಲ್ಲಿ ವಿಭವವು ಸೊನ್ನೆಗೆ ಹತ್ತಿರವಿರಬೇಕು. ಅದರಿಂದಾಗುವ ಸರಿತವನ್ನು ಶೂನ್ಯದೋಷ ಎನ್ನಬಹುದು. ಇಳಿಜಾರು ಮತ್ತು ಶೂನ್ಯದೋಷಗಳನ್ನು ಕಂಡುಹಿಡಿದು ಮೀಟರಿಗೆ ತಿಳಿಸುವುದೇ ಪಿಎಚ್ ಮಾಪನಾಂಕ ನಿರ್ಣಯದ ಸಾರ.

ಬಫರ್ ದ್ರಾವಣಗಳು

ಪಿಎಚ್ ಮೌಲ್ಯ ಸ್ಥಿರವಾಗಿರುವ ದ್ರಾವಣಗಳಿಗೆ ಬಫರ್ ಎಂದು ಹೆಸರು. 25 ಡಿಗ್ರಿಯಲ್ಲಿ 4.01, 7.00 ಮತ್ತು 10.01 ಮೌಲ್ಯದ ಬಫರ್‌ಗಳು ಹೆಚ್ಚು ಬಳಕೆಯಲ್ಲಿವೆ. 6.86 ಮತ್ತು 9.18 ಮೌಲ್ಯದವೂ ಸಿಗುತ್ತವೆ. ಅಳೆಯಬೇಕಾದ ನೀರಿನ ಪಿಎಚ್ ಎರಡು ಬಫರ್‌ಗಳ ನಡುವೆ ಬರುವಂತೆ ಆಯ್ಕೆ ಮಾಡಬೇಕು. ಆಮ್ಲೀಯ ಸಿಹಿನೀರಿನ ತೊಟ್ಟಿಗೆ 4.01 ಮತ್ತು 7.00, ಸಾಮಾನ್ಯವಾಗಿ 7.8ರಿಂದ 8.4ರ ನಡುವೆ ಇರುವ ಕಡಲನೀರಿನ ತೊಟ್ಟಿಗೆ 7.00 ಮತ್ತು 10.01 ಸೂಕ್ತ.

ಬಫರ್ ಮೌಲ್ಯವೂ ಉಷ್ಣತೆಯೊಂದಿಗೆ ಬದಲಾಗುತ್ತದೆ. 25 ಡಿಗ್ರಿಯಲ್ಲಿ 10.01 ಇರುವ ಬಫರ್ 20 ಡಿಗ್ರಿಯಲ್ಲಿ ಸುಮಾರು 10.06 ಆಗಿರುತ್ತದೆ. ಸೀಸೆಯ ಮೇಲೆ ಮುದ್ರಿಸಿದ ಪಟ್ಟಿಯನ್ನು ನೋಡಿ ಅಂದಿನ ಉಷ್ಣತೆಯ ಮೌಲ್ಯವನ್ನೇ ಬಳಸಬೇಕು. ಕ್ಷಾರೀಯ ಬಫರ್ ತೆರೆದಿಟ್ಟರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಅದರ ಪಿಎಚ್ ಇಳಿಯುತ್ತದೆ. ಒಮ್ಮೆ ಬಟ್ಟಲಿಗೆ ಸುರಿದ ದ್ರಾವಣವನ್ನು ಮರಳಿ ಸೀಸೆಗೆ ಹಾಕಬಾರದು.

ವಿಧಾನ

ಎರಡು ಬಿಂದುಗಳ ಮಾಪನಾಂಕ ನಿರ್ಣಯದ ಹಂತಗಳು ಹೀಗಿವೆ:

1. ಸಂವೇದಕವನ್ನು ಮೊದಲು ಸ್ವಚ್ಛಗೊಳಿಸಬೇಕು. ಕೊಳಕಾದ ಸಂವೇದಕಕ್ಕೆ ಮಾಪನಾಂಕ ನಿರ್ಣಯ ಮಾಡಿದರೆ ಆ ಕೊಳಕನ್ನೂ ಲೆಕ್ಕದೊಳಗೆ ಸೇರಿಸಿದಂತಾಗುತ್ತದೆ.
2. ಬಫರ್‌ಗಳು ಮತ್ತು ಸಂವೇದಕ ಒಂದೇ ಉಷ್ಣತೆಗೆ ಬರುವವರೆಗೆ ಕಾಯಬೇಕು.
3. ಭಟ್ಟಿ ಇಳಿಸಿದ ನೀರಿನಲ್ಲಿ ತೊಳೆದು, ಮೃದುವಾದ ಕಾಗದದಿಂದ ಹನಿಯನ್ನು ಒತ್ತಿ ತೆಗೆಯಬೇಕು. ಗಾಜನ್ನು ಉಜ್ಜಿದರೆ ಸ್ಥಿರವಿದ್ಯುತ್ ಉಂಟಾಗಿ ಅಳತೆ ಕೆಲಕಾಲ ಅಲುಗಾಡುತ್ತದೆ.
4. ಮೊದಲು 7.00 ಬಫರ್‌ನಲ್ಲಿ ಮುಳುಗಿಸಿ, ಅಂಕಿ ನೆಲೆನಿಂತ ಮೇಲೆ ಮೀಟರಿನಲ್ಲಿ ಖಚಿತಪಡಿಸಬೇಕು.
5. ಮತ್ತೆ ತೊಳೆದು ಎರಡನೆಯ ಬಫರ್‌ನಲ್ಲಿ ಇದೇ ಕ್ರಮವನ್ನು ಅನುಸರಿಸಬೇಕು.
6. ಕೊನೆಯಲ್ಲಿ ಹೊಸದಾಗಿ ಸುರಿದ 7.00 ಬಫರ್‌ನಲ್ಲಿ ಮತ್ತೊಮ್ಮೆ ಪರೀಕ್ಷಿಸಿ, ಅಂಕಿ ಸರಿಯಾಗಿದೆಯೇ ಎಂದು ನೋಡಬೇಕು.

ಉದಾಹರಣೆಗೆ, 25 ಡಿಗ್ರಿಯಲ್ಲಿ ಒಂದು ಸಂವೇದಕವು 7.00 ಬಫರ್‌ನಲ್ಲಿ −5 ಮಿಲಿವೋಲ್ಟನ್ನೂ 4.01 ಬಫರ್‌ನಲ್ಲಿ +163 ಮಿಲಿವೋಲ್ಟನ್ನೂ ತೋರಿಸಿತು ಎಂದುಕೊಳ್ಳೋಣ. ಒಟ್ಟು ವ್ಯತ್ಯಾಸ 168 ಮಿಲಿವೋಲ್ಟ್. ಪಿಎಚ್ ವ್ಯತ್ಯಾಸ 2.99. ಭಾಗಿಸಿದರೆ ಪ್ರತಿ ಅಂಕಕ್ಕೆ 56.2 ಮಿಲಿವೋಲ್ಟ್ ಬರುತ್ತದೆ. ಇದು ತಾತ್ತ್ವಿಕ ಮೌಲ್ಯದ ಶೇಕಡ 95ರಷ್ಟಾಗುತ್ತದೆ. ಶೇಕಡ 95ಕ್ಕೆ ಮೇಲ್ಪಟ್ಟ ಇಳಿಜಾರು ಮತ್ತು 30 ಮಿಲಿವೋಲ್ಟಿಗೆ ಮೀರದ ಶೂನ್ಯದೋಷ ಉತ್ತಮ ಸಂವೇದಕದ ಲಕ್ಷಣಗಳು. ಸ್ವಚ್ಛಗೊಳಿಸಿದ ನಂತರವೂ ಇಳಿಜಾರು ಶೇಕಡ 85ರ ಆಸುಪಾಸಿನಲ್ಲೇ ಉಳಿದರೆ, ಇಲ್ಲವೇ ಅಂಕಿ ನೆಲೆನಿಲ್ಲಲು ಹಲವು ನಿಮಿಷಗಳು ಬೇಕಾದರೆ, ಸಂವೇದಕವನ್ನು ಬದಲಾಯಿಸುವುದೇ ಸೂಕ್ತ. ನಿರಂತರವಾಗಿ ನೀರಿನಲ್ಲಿರುವ ಪಿಎಚ್ ಸಂವೇದಕದ ಆಯುಷ್ಯ ಸಾಮಾನ್ಯವಾಗಿ ಒಂದರಿಂದ ಎರಡು ವರ್ಷ.

ಸ್ವಚ್ಛತೆ ಮತ್ತು ಸಂಗ್ರಹಣೆ

ಯಾವ ಬಗೆಯ ಕೊಳೆ ಕೂತಿದೆ ಎಂಬುದನ್ನು ನೋಡಿ ಸ್ವಚ್ಛತೆಯ ವಿಧಾನವನ್ನು ಆರಿಸಬೇಕು. ಎಣ್ಣೆಯಂಶವಿದ್ದರೆ ಸೌಮ್ಯ ಪಾತ್ರೆಸಾಬೂನಿನ ನೀರು, ಸುಣ್ಣದ ಪದರವಿದ್ದರೆ ಬಿಳಿ ವಿನೆಗರ್ ಅಥವಾ ತೀರ ದುರ್ಬಲವಾದ ಹೈಡ್ರೋಕ್ಲೋರಿಕ್ ಆಮ್ಲ, ಪಾಚಿ ಇದ್ದರೆ ತೆಳುಗೊಳಿಸಿದ ಬ್ಲೀಚ್ ದ್ರಾವಣ, ಪ್ರೋಟೀನ್ ಲೋಳೆ ಇದ್ದರೆ ಪೆಪ್ಸಿನ್ ಕಿಣ್ವವಿರುವ ಶುದ್ಧೀಕರಣ ದ್ರಾವಣವನ್ನು ಬಳಸಲಾಗುತ್ತದೆ. ಬ್ಲೀಚ್ ಮತ್ತು ಆಮ್ಲಗಳನ್ನು ಯಾವ ಕಾರಣಕ್ಕೂ ಬೆರೆಸಬಾರದು. ಅವುಗಳಿಂದ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ. ಒಂದರ ನಂತರ ಇನ್ನೊಂದನ್ನು ಬಳಸಬೇಕಾದರೆ ನಡುವೆ ಧಾರಾಳವಾಗಿ ನೀರಿನಲ್ಲಿ ತೊಳೆಯಬೇಕು. ಸ್ವಚ್ಛಗೊಳಿಸಿದ ಸಂವೇದಕವನ್ನು ಕೆಲವು ಗಂಟೆ ಸಂಗ್ರಹಣಾ ದ್ರಾವಣದಲ್ಲಿ ನೆನೆಸಿದ ಮೇಲೆಯೇ ಮಾಪನಾಂಕ ನಿರ್ಣಯ ಮಾಡುವುದು ಒಳ್ಳೆಯದು.

ಬಳಸದೆ ಇರುವಾಗ ಸಂವೇದಕದ ತುದಿ ಒಣಗಬಾರದು. ಲೀಟರಿಗೆ 3 ಮೋಲ್ ಸಾಂದ್ರತೆಯ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇಡುವುದು ರೂಢಿಯ ಕ್ರಮ. ಭಟ್ಟಿ ಇಳಿಸಿದ ನೀರು ಶುದ್ಧವೆಂಬ ಕಾರಣಕ್ಕೆ ಅದರಲ್ಲಿಯೇ ಸಂವೇದಕವನ್ನು ಇಡುವ ಅಭ್ಯಾಸ ಹಲವರಲ್ಲಿದೆ. ಇದರಿಂದ ಆಕರ ವಿದ್ಯುದಗ್ರದ ಲವಣವು ಸಂಧಿಯ ಮೂಲಕ ಹೊರಗೆ ಸೋರಿಹೋಗಿ ಸಂವೇದಕ ಬೇಗ ಹಾಳಾಗುತ್ತದೆ. ಆ ನೀರು ತೊಳೆಯಲು ತಕ್ಕುದೇ ಹೊರತು ಸಂಗ್ರಹಿಸಲು ತಕ್ಕುದಲ್ಲ.

ವಿದ್ಯುದ್ವಾಹಕತೆ ಮತ್ತು ಲವಣಾಂಶ ಸಂವೇದಕ

ನೀರಿನಲ್ಲಿ ಕರಗಿದ ಲವಣ ಹೆಚ್ಚಿದಷ್ಟೂ ಅದರ ವಿದ್ಯುದ್ವಾಹಕತೆ ಹೆಚ್ಚುತ್ತದೆ. ಈ ತತ್ತ್ವದಿಂದ ಸಿಹಿನೀರಿನಲ್ಲಿ ಒಟ್ಟು ಕರಗಿದ ಘನವಸ್ತುಗಳನ್ನೂ ಕಡಲನೀರಿನಲ್ಲಿ ಲವಣಾಂಶವನ್ನೂ ಅಂದಾಜು ಮಾಡಲಾಗುತ್ತದೆ. ಲವಣಾಂಶ 35 ಇರುವ ಕಡಲನೀರಿನ ವಿದ್ಯುದ್ವಾಹಕತೆ 25 ಡಿಗ್ರಿಯಲ್ಲಿ ಸೆಂಟಿಮೀಟರಿಗೆ ಸುಮಾರು 53 ಮಿಲಿಸೀಮೆನ್ಸ್. ಸಿಹಿನೀರಿನ ಉಪಕರಣಗಳಿಗೆ ರೂಢಿಯಲ್ಲಿರುವ 1413 ಮೈಕ್ರೋಸೀಮೆನ್ಸ್ ದ್ರಾವಣವು ಇದಕ್ಕಿಂತ ಬಹಳ ಕೆಳಗಿನದು. ಕಡಲನೀರಿನ ತೊಟ್ಟಿಗೆ 53 ಮಿಲಿಸೀಮೆನ್ಸ್ ಮೌಲ್ಯದ ಪ್ರಮಾಣ ದ್ರಾವಣವನ್ನೇ ಬಳಸಬೇಕು.

ಮಾಪನಾಂಕ ನಿರ್ಣಯದಲ್ಲಿ ಮೊದಲು ಒಣಗಿದ ಸಂವೇದಕವನ್ನು ಗಾಳಿಯಲ್ಲಿ ಹಿಡಿದು ಸೊನ್ನೆಯನ್ನು ಗುರುತಿಸಿ, ಬಳಿಕ ಪ್ರಮಾಣ ದ್ರಾವಣದಲ್ಲಿ ಮುಳುಗಿಸುತ್ತಾರೆ. ವಿದ್ಯುದಗ್ರಗಳ ನಡುವೆ ಗಾಳಿಗುಳ್ಳೆ ಸಿಕ್ಕಿಕೊಂಡರೆ ಮೌಲ್ಯ ಕಡಿಮೆಯಾಗಿ ಕಾಣುತ್ತದೆ. ಸಂವೇದಕವನ್ನು ಮೆಲ್ಲನೆ ತಟ್ಟಿ ಗುಳ್ಳೆಯನ್ನು ಬಿಡಿಸಬೇಕು. ತೊಟ್ಟಿಯಲ್ಲಿಯೂ ಗುಳ್ಳೆಗಳು ಏಳುವ ಜಾಗದಿಂದ ಮತ್ತು ಗಾಜಿನ ಗೋಡೆಗೆ ಅಂಟಿದಂತಹ ಜಾಗದಿಂದ ಅದನ್ನು ದೂರವಿಡಬೇಕು.

ಉಷ್ಣತೆಯ ಪ್ರತಿ ಡಿಗ್ರಿಗೆ ವಿದ್ಯುದ್ವಾಹಕತೆ ಸುಮಾರು ಶೇಕಡ 2ರಷ್ಟು ಬದಲಾಗುತ್ತದೆ. ಉಷ್ಣತೆಯನ್ನು ಸರಿದೂಗಿಸುವ ವ್ಯವಸ್ಥೆ ಇಲ್ಲದಿದ್ದರೆ, ಅಥವಾ ಆ ವ್ಯವಸ್ಥೆಗೆ ಜೋಡಿಸಿದ ಉಷ್ಣತಾ ಸಂವೇದಕವೇ ತಪ್ಪಾಗಿದ್ದರೆ, 5 ಡಿಗ್ರಿ ವ್ಯತ್ಯಾಸವು ಸುಮಾರು ಶೇಕಡ 10ರ ದೋಷವನ್ನು ತರುತ್ತದೆ. ಲವಣಾಂಶವನ್ನು ವಕ್ರೀಭವನ ಮಾಪಕದಿಂದಲೂ ಹೋಲಿಸಿ ನೋಡಬಹುದು. ಆದರೆ ಆ ಮಾಪಕವನ್ನೂ ಶುದ್ಧ ನೀರಿನಿಂದ ಮಾತ್ರವಲ್ಲದೆ, ಲವಣಾಂಶ 35ರ ಪ್ರಮಾಣ ದ್ರಾವಣದಿಂದಲೂ ಪರೀಕ್ಷಿಸಿರಬೇಕು.

ಕರಗಿದ ಆಮ್ಲಜನಕದ ಸಂವೇದಕ

ಪೊರೆಯುಳ್ಳ ಕ್ಲಾರ್ಕ್ ಮಾದರಿಯ ಸಂವೇದಕವು ಅಳೆಯುವಾಗ ತಾನೇ ಆಮ್ಲಜನಕವನ್ನು ಬಳಸಿಕೊಳ್ಳುತ್ತದೆ. ಆದ್ದರಿಂದ ಅದರ ಮುಂದೆ ನೀರು ಹರಿಯುತ್ತಿರಬೇಕು. ನಿಂತ ನೀರಿನಲ್ಲಿ ಮೌಲ್ಯ ಕಡಿಮೆ ಬರುತ್ತದೆ. ಬೆಳಕಿನ ಪ್ರತಿದೀಪ್ತಿಯನ್ನು ಆಧರಿಸಿದ ಹೊಸ ಮಾದರಿಗೆ ಈ ತೊಡಕಿಲ್ಲ. ಪೊರೆಯ ಅಡಿಯಲ್ಲಿ ಗುಳ್ಳೆ ಅಥವಾ ಸುಕ್ಕು ಕಂಡರೆ ಪೊರೆಯನ್ನೂ ಒಳಗಿನ ದ್ರಾವಣವನ್ನೂ ಬದಲಾಯಿಸಬೇಕು.

ಮಾಪನಾಂಕ ನಿರ್ಣಯಕ್ಕೆ ಒದ್ದೆಯಾದ ಸ್ಪಂಜು ಇರುವ ಮುಚ್ಚಿದ ಪಾತ್ರೆಯ ಗಾಳಿಯನ್ನು ಶೇಕಡ 100 ಎಂದು ತೆಗೆದುಕೊಳ್ಳುತ್ತಾರೆ. ಸೊನ್ನೆಯ ಬಿಂದುವಿಗೆ ಸೋಡಿಯಂ ಸಲ್ಫೈಟ್ ದ್ರಾವಣ ಬಳಕೆಯಲ್ಲಿದೆ. ಇಲ್ಲಿ ವಾಯುಭಾರವನ್ನು ಮರೆಯುವಂತಿಲ್ಲ. ಸಮುದ್ರಮಟ್ಟದಲ್ಲಿ 25 ಡಿಗ್ರಿ ಉಷ್ಣತೆಯ ಸಿಹಿನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. ಮಂಗಳೂರಿಗೆ ಈ ಅಂಕಿ ಹೊಂದುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುಭಾರ ಕಡಿಮೆ ಇರುವುದರಿಂದ ಅದೇ ನೀರು ಸುಮಾರು 7.4 ಮಿಲಿಗ್ರಾಂ ಮಾತ್ರ ಹಿಡಿದಿಡುತ್ತದೆ. ಸಮುದ್ರಮಟ್ಟದ ಕೋಷ್ಟಕವನ್ನು ನೋಡಿ ಬೆಂಗಳೂರಿನಲ್ಲಿ ಮೀಟರನ್ನು ಹೊಂದಿಸಿದರೆ, ಇಲ್ಲದ ಆಮ್ಲಜನಕವನ್ನು ಇದೆಯೆಂದು ಅದು ತೋರಿಸುತ್ತದೆ. ಉಷ್ಣತೆ ಏರಿದಂತೆ ಮತ್ತು ಲವಣಾಂಶ ಹೆಚ್ಚಿದಂತೆಯೂ ಆಮ್ಲಜನಕ ಕರಗುವ ಪ್ರಮಾಣ ಕುಗ್ಗುತ್ತದೆ. ಸಸ್ಯಗಳೂ ಉಸಿರಾಡುವುದರಿಂದ ಆಮ್ಲಜನಕವು ಮುಂಜಾವಿನ ವೇಳೆಗೆ ಕನಿಷ್ಠ ಮಟ್ಟಕ್ಕೆ ಇಳಿಯುತ್ತದೆ. ಹಗಲಿನ ಒಂದೇ ಅಳತೆಯಿಂದ ನೀರಿನ ಸ್ಥಿತಿಯನ್ನು ನಿರ್ಧರಿಸುವುದು ಸರಿಯಲ್ಲ.

ಉತ್ಕರ್ಷಣ-ಅಪಕರ್ಷಣ ವಿಭವದ ಸಂವೇದಕ

ಇದರಲ್ಲಿ ಗಾಜಿನ ಬದಲು ಪ್ಲಾಟಿನಂ ಲೋಹದ ತುದಿ ಇರುತ್ತದೆ. ಓಜೋನ್ ಬಳಸುವ ಕಡಲನೀರಿನ ತೊಟ್ಟಿಗಳಲ್ಲಿ ಈ ಅಳತೆಗೆ ವಿಶೇಷ ಮಹತ್ವವಿದೆ. ಪರೀಕ್ಷೆಗೆ ಬಳಸುವ ಜೋಬೆಲ್ ದ್ರಾವಣವು 25 ಡಿಗ್ರಿಯಲ್ಲಿ, ಬೆಳ್ಳಿ-ಬೆಳ್ಳಿ ಕ್ಲೋರೈಡ್ ಆಕರಕ್ಕೆ ಹೋಲಿಸಿದಾಗ, ಸುಮಾರು 228 ಮಿಲಿವೋಲ್ಟ್ ತೋರಿಸುತ್ತದೆ. ಇದರಲ್ಲಿ ಸಯನೈಡ್ ಸಂಯುಕ್ತಗಳು ಇರುವುದರಿಂದ ಆಮ್ಲದೊಂದಿಗೆ ಬೆರೆಸಬಾರದು, ತೊಟ್ಟಿಗೆ ಚೆಲ್ಲಬಾರದು. ಪ್ಲಾಟಿನಂ ತುದಿಯನ್ನು ಸ್ವಚ್ಛಗೊಳಿಸಿದ ಬಳಿಕ ಅಂಕಿ ತನ್ನ ನೆಲೆಗೆ ಬರಲು ಹಲವು ಗಂಟೆಗಳು, ಕೆಲವೊಮ್ಮೆ ಒಂದೆರಡು ದಿನಗಳೇ ಬೇಕಾಗಬಹುದು. ಆ ಅವಧಿಯ ಅಂಕಿಯನ್ನು ನಂಬಿ ಓಜೋನ್ ಪ್ರಮಾಣವನ್ನು ಬದಲಾಯಿಸಬಾರದು.

ಉಷ್ಣತಾ ಸಂವೇದಕ

ಉಷ್ಣತಾ ಸಂವೇದಕಗಳು ಇತರ ಸಂವೇದಕಗಳಿಗಿಂತ ಸ್ಥಿರವಾದವು. ಮತ್ಸ್ಯಾಲಯಗಳಲ್ಲಿ ವ್ಯಾಪಕವಾಗಿ ಬಳಸುವ ಡಿಎಸ್18ಬಿ20 ಎಂಬ ಡಿಜಿಟಲ್ ಸಂವೇದಕದ ನಿಖರತೆ ±0.5 ಡಿಗ್ರಿ. ಭಟ್ಟಿ ಇಳಿಸಿದ ನೀರಿನಿಂದ ಮಾಡಿದ ಮಂಜುಗಡ್ಡೆಯನ್ನು ಪುಡಿಮಾಡಿ, ಸ್ವಲ್ಪ ನೀರು ಬೆರೆಸಿ ಕದಡಿದರೆ ಸೊನ್ನೆ ಡಿಗ್ರಿಯ ನೆಲೆ ದೊರೆಯುತ್ತದೆ. ಮೀನುಗಳು ಬದುಕುವ 24ರಿಂದ 28 ಡಿಗ್ರಿಯ ವ್ಯಾಪ್ತಿಯಲ್ಲಿ ವಿಶ್ವಾಸಾರ್ಹವಾದ ಇನ್ನೊಂದು ಥರ್ಮಾಮೀಟರಿನೊಂದಿಗೂ ಹೋಲಿಸಬೇಕು. ಜ್ವರ ನೋಡುವ ಪಾದರಸದ ಥರ್ಮಾಮೀಟರ್ 35 ಡಿಗ್ರಿಯಿಂದ ಆರಂಭವಾಗುವುದರಿಂದ ಈ ಕೆಲಸಕ್ಕೆ ಬಾರದು.

ಸೋರಿಕೆ ವಿದ್ಯುತ್ತಿನ ಪ್ರಭಾವ

ಹೀಟರ್ ಅಥವಾ ಪಂಪಿನ ಕವಚ ಬಿರುಕುಬಿಟ್ಟು ನೀರಿಗೆ ವಿದ್ಯುತ್ ಸೋರಿದರೆ ಪಿಎಚ್ ಮತ್ತು ವಿಭವದ ಅಳತೆಗಳು ಕೆಡುತ್ತವೆ. ತೊಟ್ಟಿಯ ನೀರನ್ನು ಒಂದು ಲೋಟಕ್ಕೆ ತೆಗೆದು ಅದರಲ್ಲಿ ಅಳೆದಾಗ ಒಂದು ಮೌಲ್ಯ, ತೊಟ್ಟಿಯಲ್ಲಿಯೇ ಅಳೆದಾಗ ಕೂಡಲೇ ಬೇರೊಂದು ಮೌಲ್ಯ ಬಂದರೆ ಸೋರಿಕೆಯನ್ನು ಶಂಕಿಸಬೇಕು. ಉಪಕರಣಗಳನ್ನು ಒಂದೊಂದಾಗಿ ಆರಿಸುತ್ತ ಹೋದರೆ ದೋಷಯುಕ್ತವಾದುದು ಪತ್ತೆಯಾಗುತ್ತದೆ. ಇದು ಅಳತೆಯ ಪ್ರಶ್ನೆ ಮಾತ್ರವಲ್ಲ. ನೀರಿಗೆ ಕೈಹಾಕುವವರ ಪ್ರಾಣದ ಪ್ರಶ್ನೆಯೂ ಹೌದು. ಮತ್ಸ್ಯಾಲಯದ ವಿದ್ಯುತ್ ಸಂಪರ್ಕಕ್ಕೆ ಸೋರಿಕೆಯಾದೊಡನೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಸಾಧನವನ್ನು ಅಳವಡಿಸುವುದು ಅವಶ್ಯ.

ಸ್ವಯಂಚಾಲಿತ ನಿಯಂತ್ರಕಗಳು ಮತ್ತು ಅಪಾಯ

ಸಂವೇದಕವು ಅಂಕಿ ತೋರಿಸುವುದಷ್ಟೇ ಅಲ್ಲದೆ ಕವಾಟ, ಹೀಟರ್ ಅಥವಾ ಪಂಪನ್ನು ನಡೆಸುತ್ತಿದ್ದರೆ ಅದರ ದೋಷ ನೇರವಾಗಿ ಜೀವಹಾನಿಗೆ ಕಾರಣವಾಗಬಹುದು. ಗಾಜಿನ ಬುಗ್ಗೆ ಬಿರುಕುಬಿಟ್ಟ ಪಿಎಚ್ ಸಂವೇದಕವು ಯಾವ ದ್ರಾವಣದಲ್ಲಿಯೂ ಸುಮಾರು 7 ಎಂದೇ ತೋರಿಸುವುದುಂಟು. ಪಿಎಚ್ 6.8ಕ್ಕೆ ಇಳಿಯುವವರೆಗೆ ಇಂಗಾಲದ ಡೈಆಕ್ಸೈಡ್ ಹರಿಸಬೇಕೆಂದು ನಿಯಂತ್ರಕಕ್ಕೆ ಹೇಳಿದ್ದರೆ, ಅಂತಹ ಸಂವೇದಕವು 6.8ನ್ನು ಎಂದಿಗೂ ತೋರಿಸುವುದಿಲ್ಲ. ಕವಾಟ ಮುಚ್ಚುವುದಿಲ್ಲ, ಮೀನುಗಳು ಉಸಿರುಗಟ್ಟುತ್ತವೆ. ಪರದೆಯ ಮೇಲೆ ಮಾತ್ರ 7.0 ಎಂಬ ನೆಮ್ಮದಿಯ ಅಂಕಿ ಇರುತ್ತದೆ. ಹಾಗೆಯೇ ಉಷ್ಣತಾ ಸಂವೇದಕವು ನೀರಿನಿಂದ ಹೊರಗೆ ಜಾರಿಬಿದ್ದರೆ ಅದು ಕೋಣೆಯ ತಂಪನ್ನು ಓದಿ ಹೀಟರನ್ನು ಉರಿಸುತ್ತಲೇ ಇರುತ್ತದೆ.

ಇದನ್ನು ತಡೆಯಲು ಕೆಲವು ಸರಳ ಕ್ರಮಗಳಿವೆ. ಹೀಟರಿನಲ್ಲಿಯೇ ಎರಡನೆಯ ಥರ್ಮೋಸ್ಟಾಟ್ ಇರಬೇಕು. ಅನಿಲದ ಕವಾಟಕ್ಕೆ ಸಮಯಮಿತಿ ಇರಬೇಕು. ಅನಿಲ ಹರಿಯುವ ವೇಗವನ್ನೇ ಮಿತವಾಗಿಟ್ಟರೆ ಕವಾಟ ತೆರೆದೇ ಉಳಿದರೂ ಅನಾಹುತ ನಿಧಾನವಾಗುತ್ತದೆ. ಗಂಟೆಗಟ್ಟಲೆ ಒಂದಿಷ್ಟೂ ಅಲುಗದ ಅಂಕಿಯನ್ನು ಸ್ಥಿರತೆಯೆಂದು ಭಾವಿಸದೆ ಸಂಶಯದಿಂದ ನೋಡಬೇಕು, ಏಕೆಂದರೆ ಹಗಲು-ರಾತ್ರಿಗಳ ನಡುವೆ ಪಿಎಚ್ ಸ್ವಲ್ಪವಾದರೂ ಏರಿಳಿಯುವುದು ಸಹಜ. ಸಂವೇದಕವನ್ನು ಮಾಪನಾಂಕ ನಿರ್ಣಯಕ್ಕಾಗಿ ತೊಟ್ಟಿಯಿಂದ ತೆಗೆಯುವ ಮುನ್ನ ಅದಕ್ಕೆ ಜೋಡಿಸಿದ ಉಪಕರಣಗಳನ್ನು ಆರಿಸಬೇಕು. ಇಲ್ಲವಾದರೆ ಬಫರ್‌ನ ಪಿಎಚ್ ಅನ್ನೇ ತೊಟ್ಟಿಯದೆಂದು ತಿಳಿದು ನಿಯಂತ್ರಕವು ಕೆಲಸ ಆರಂಭಿಸುತ್ತದೆ.

ವೇಳಾಪಟ್ಟಿ ಮತ್ತು ದಾಖಲೆ

ಸಾಮಾನ್ಯ ಬಳಕೆಯಲ್ಲಿ ಪಿಎಚ್ ಸಂವೇದಕಕ್ಕೆ ತಿಂಗಳಿಗೊಮ್ಮೆ ಮಾಪನಾಂಕ ನಿರ್ಣಯ ಮಾಡುವುದು ರೂಢಿ. ಹೊಸ ಸಂವೇದಕವನ್ನು ಮೊದಲ ಕೆಲವು ವಾರ ಹೆಚ್ಚು ಬಾರಿ ಪರೀಕ್ಷಿಸುವುದು ಒಳ್ಳೆಯದು. ಲವಣಾಂಶ ಸಂವೇದಕವನ್ನು ಒಂದೆರಡು ತಿಂಗಳಿಗೊಮ್ಮೆ, ಉಷ್ಣತಾ ಸಂವೇದಕವನ್ನು ವರ್ಷಕ್ಕೆ ಒಂದೆರಡು ಬಾರಿ ಪರಿಶೀಲಿಸಿದರೆ ಸಾಕು. ಕೊಳೆ ಬೇಗ ಕೂರುವ ತೊಟ್ಟಿಗಳಲ್ಲಿ ಸ್ವಚ್ಛತೆಯ ಅಂತರ ಇದಕ್ಕಿಂತ ಕಡಿಮೆ ಇರಬೇಕಾಗುತ್ತದೆ.

ಪರಿಶೀಲನೆಗೂ ಮಾಪನಾಂಕ ನಿರ್ಣಯಕ್ಕೂ ವ್ಯತ್ಯಾಸವಿದೆ. ಪರಿಶೀಲನೆಯಲ್ಲಿ ದೋಷ ಎಷ್ಟೆಂದು ನೋಡಿ ಬರೆದಿಡುವುದಷ್ಟೇ ಇರುತ್ತದೆ. ಸರಿಪಡಿಸುವುದು ಆಮೇಲಿನ ಕೆಲಸ. ಸರಿಪಡಿಸುವ ಮುನ್ನ ಕಂಡ ಮೌಲ್ಯವನ್ನು ದಾಖಲಿಸದೆ ಹೋದರೆ ಕಳೆದ ತಿಂಗಳ ಅಂಕಿಗಳು ಎಷ್ಟರಮಟ್ಟಿಗೆ ನಂಬಲರ್ಹ ಎಂಬುದು ತಿಳಿಯುವುದೇ ಇಲ್ಲ. ದಿನಾಂಕ, ಉಷ್ಣತೆ, ಪ್ರತಿ ಬಫರ್‌ನಲ್ಲಿ ಸರಿಪಡಿಸುವ ಮುನ್ನ ಕಂಡ ಅಂಕಿ, ಇಳಿಜಾರು, ಶೂನ್ಯದೋಷ ಮತ್ತು ಬಫರ್ ಸೀಸೆಯನ್ನು ತೆರೆದ ದಿನ ಇವಿಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಉತ್ತಮ. ಇಳಿಜಾರು ತಿಂಗಳಿನಿಂದ ತಿಂಗಳಿಗೆ ಕುಸಿಯುತ್ತಿರುವುದು ಇಂತಹ ದಾಖಲೆಯಲ್ಲಿ ಮೊದಲೇ ಕಾಣಿಸುತ್ತದೆ, ಮತ್ತು ಸಂವೇದಕ ಪೂರ್ಣ ಕೈಕೊಡುವ ಮುನ್ನವೇ ಬದಲಿಯನ್ನು ತರಿಸಿಕೊಳ್ಳಲು ಅವಕಾಶ ದೊರೆಯುತ್ತದೆ.

ಇವನ್ನೂ ನೋಡಿ

- ಮತ್ಸ್ಯಾಲಯ
- ಪಿಎಚ್
- ಬಫರ್ ದ್ರಾವಣ
- ವಿದ್ಯುದ್ವಾಹಕತೆ
- ನೈಟ್ರೋಜನ್ ಚಕ್ರ